ಮೊಜಾರ್ಟ್ ಕೇಳಿಸಿದರೆ ಗಣಿತ ಬಂದುಬಿಡುವುದಿಲ್ಲ: ಒಂದು ಸ್ಪಷ್ಟನೆ

"ದಿನಕ್ಕೆ 10 ನಿಮಿಷ ಮೊಜಾರ್ಟ್ ಸಂಗೀತ ಕೇಳಿಸಿ, ಮಗು ಗಣಿತದಲ್ಲಿ ಚುರುಕಾಗುತ್ತದೆ" ಎಂಬ ಸಂದೇಶವನ್ನು ಹೋದ ವಾರ ನಾನೂ ಹಂಚಿದ್ದೆ. ಅದು ತಪ್ಪು.

ಈ ಮಾತಿನ ಮೂಲ 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ವರದಿ. ಅದರಲ್ಲಿ ಭಾಗವಹಿಸಿದವರು ಮಕ್ಕಳಲ್ಲ, 36 ಕಾಲೇಜು ವಿದ್ಯಾರ್ಥಿಗಳು. ಪರೀಕ್ಷೆಯೂ ಗಣಿತದ್ದಲ್ಲ, ಮಡಚಿ ಕತ್ತರಿಸಿದ ಕಾಗದ ಬಿಚ್ಚಿದಾಗ ಹೇಗೆ ಕಾಣುತ್ತದೆ ಎಂದು ಊಹಿಸುವಂಥದ್ದು. ಕಂಡ ಲಾಭವೂ 10–15 ನಿಮಿಷಕ್ಕಿಂತ ಜಾಸ್ತಿ ಉಳಿಯಲಿಲ್ಲ.

ಹಾಗಂತ ಸಂಗೀತವನ್ನು ಪಾಠದಿಂದ ಹೊರಗಿಡಬೇಕಿಲ್ಲ. ಸುಮ್ನೆ ಕೇಳಿಸುವುದಕ್ಕೂ ಮಗು ತಾನೇ ತಟ್ಟಿ ಎಣಿಸುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ? ಎರಡು ಚಪ್ಪಾಳೆ, ಒಂದು ಚಿಟಿಕೆ, ಮತ್ತೆ ಎರಡು ಚಪ್ಪಾಳೆ. ಮುಂದೇನು ಎಂದು ಕೇಳಿದರೆ ಅದೇ ಮಾದರಿ ಗುರುತಿಸುವ ಪಾಠ. 12 ಪೆಟ್ಟುಗಳನ್ನು ಮೂರು ಮೂರಾಗಿ, ಆಮೇಲೆ ನಾಲ್ಕು ನಾಲ್ಕಾಗಿ ತಟ್ಟಿಸಿ ನೋಡಿ. ಗುಣಾಕಾರ ಕಿವಿಗೇ ಕೇಳಿಸುತ್ತದೆ. ಇಲ್ಲಿ ಕಲಿಸುವುದು ಎಣಿಕೆ. ಲಯ ಇದ್ದರೆ ಅದು ಬೇಸರ ತರುವುದಿಲ್ಲ, ಅಷ್ಟೇ.

ನಾನು ಹಾಕಿದ್ದ ಸಂದೇಶವನ್ನು ಅಳಿಸಿದ್ದೇನೆ. ನಿಮಗೂ ಬಂದಿದ್ದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.