ಮೇಷ್ಟ್ರ ಡೈರಿ ರದ್ದಿಗೆ ಹೋಗಬಾರದಿತ್ತು

ಕಳೆದ ಮೇ ತಿಂಗಳ ಒಂದು ಬೆಳಗ್ಗೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಕಪ್ಪು-ಬಿಳಿ ಪಟ್ಟೆಯ ಪುಟ್ಟ ವಾರ್ಬ್ಲರ್ ಹಕ್ಕಿಯೊಂದು ಓಕ್ ಮರದ ಕಾಂಡದ ಮೇಲೆ ತಲೆಕೆಳಗಾಗಿ ಇಳಿಯುತ್ತಿತ್ತು. ತೊಗಟೆಯ ಸಂದಿಗೆ ಕೊಕ್ಕು ತೂರಿಸುವುದು, ಹುಳ ಎಳೆಯುವುದು, ಒಂದು ಹೆಜ್ಜೆ ಕೆಳಗಿಳಿಯುವುದು. ಪಕ್ಕದಲ್ಲಿ ನಿಂತಿದ್ದ ವಯಸ್ಸಾದ ಹೆಂಗಸೊಬ್ಬರು ದುರ್ಬೀನು ಇಳಿಸಿ, "ಇದು ಸ್ಟಾರ್ ಅವರ ಹಕ್ಕಿ" ಅಂದರು.

ಸ್ಟಾರ್ ಸಫೀರ್. ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಈ ಪಾರ್ಕಿನಲ್ಲಿ ಜನರನ್ನು ಕರೆದುಕೊಂಡು ಹೋಗಿ ಹಕ್ಕಿ ತೋರಿಸಿದವರು. ಆರು ವರ್ಷದ ಹುಡುಗಿಯಾಗಿದ್ದಾಗ ಅಜ್ಜನ ಕಾರು ದಾರಿಯಲ್ಲಿ ಕೆಟ್ಟು ನಿಂತಿತಂತೆ. ಆಗ ಕಣ್ಣಿಗೆ ಬಿದ್ದದ್ದು ಇದೇ ಪಟ್ಟೆ ಹಕ್ಕಿ. ಅಲ್ಲಿಂದ ಶುರುವಾದದ್ದು ಕೊನೆಯವರೆಗೂ ಬಿಡಲಿಲ್ಲ. ಈ ಒಂದೇ ಪಾರ್ಕಿನಲ್ಲಿ 259 ಜಾತಿಯ ಹಕ್ಕಿ ನೋಡಿದ್ದರು. 2002ರಲ್ಲಿ ಕ್ಯಾನ್ಸರ್ ಅಂತ ಗೊತ್ತಾಯಿತು. ಆಮೇಲೂ ಹತ್ತು ವರ್ಷ ನಡೆದರು. 2013ರ ಫೆಬ್ರವರಿಯಲ್ಲಿ, 73ನೇ ವಯಸ್ಸಿನಲ್ಲಿ ತೀರಿಕೊಂಡರು.

ನಾನು ಇಲ್ಲಿಗೆ ಬಂದದ್ದು 2015ರಲ್ಲಿ. ಅವರನ್ನು ನೋಡಿಯೇ ಇಲ್ಲ. ಆದರೂ ಅವರು ಯಾವ ದಾರಿಯಲ್ಲಿ ಹೋಗುತ್ತಿದ್ದರು, ಎಲ್ಲಿ ನಿಲ್ಲುತ್ತಿದ್ದರು ಅಂತ ಜೊತೆಯವರ ಬಾಯಿಂದ ಕೇಳಿ ಕೇಳಿ ಗೊತ್ತಾಗಿಬಿಟ್ಟಿದೆ. ಅವರ ನಡಿಗೆಗೆ ಎಂಟು ಡಾಲರ್ ಇತ್ತು ಎಂದು ಕೇಳಿದಾಗ ನನಗೆ ಒಂಥರಾ ಅನಿಸಿತ್ತು. ಹಕ್ಕಿ ತೋರಿಸೋಕೆ ದುಡ್ಡಾ? ನಾನು ಬೆಳೆದದ್ದು ಲಾಲ್‌ಬಾಗ್‌ನಲ್ಲಿ. ಅಲ್ಲಿ ತಿಂಗಳ ಎರಡನೇ ಭಾನುವಾರ ಬೆಳಗ್ಗೆ ಹೋದರೆ ಸಾಕು, ಯಾರೂ ಹೆಸರು ಕೂಡ ಕೇಳುತ್ತಿರಲಿಲ್ಲ. ದುರ್ಬೀನು ಇಲ್ಲದಿದ್ದರೆ ತಮ್ಮದನ್ನೇ ಕತ್ತಿನಿಂದ ತೆಗೆದು ಕೊಡುತ್ತಿದ್ದರು. ಈ ವಿಷಯದಲ್ಲಿ ನಮ್ಮೂರಿನ ರೀತಿಯೇ ದೊಡ್ಡದು ಅಂತ ನಾನು ಈಗಲೂ ಹೇಳುತ್ತೇನೆ.

ಹಾಗೆ ನನಗೆ ದುರ್ಬೀನು ಕೊಟ್ಟವರು ನಮ್ಮ ಮೇಷ್ಟ್ರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಆದರೆ ನಮಗೆ ಅವರು ಹಕ್ಕಿ ಮೇಷ್ಟ್ರೇ. ಖಾದಿ ಜುಬ್ಬಾ, ಜೇಬಿನಲ್ಲಿ ಪೆನ್ಸಿಲ್ ತುಂಡು, ಇನ್ನೂರು ಪುಟದ ಉದ್ದ ನೋಟ್‌ಬುಕ್. ಮೊದಲ ದಿನ ಅವರು ನನಗೆ ತೋರಿಸಿದ್ದು ಕಾಗೆ. "ಕತ್ತು ನೋಡೋ. ಬೂದು ಇದ್ರೆ ಊರುಕಾಗೆ. ಪೂರ್ತಿ ಕಪ್ಪಿದ್ರೆ ಕಾಡುಕಾಗೆ. ಕಾಗೆ ನೋಡೋಕೆ ಕಲಿತ್ರೆ ಎಲ್ಲ ಕಲಿತಂಗೆ."

ಅವರು ಹೋದಾಗ ನಾನು ರಜೆಗೆ ಬೆಂಗಳೂರಿನಲ್ಲೇ ಇದ್ದೆ. ಕಾರ್ಯದ ದಿನ ಲಾಲ್‌ಬಾಗ್ ಗುಂಪಿನ ಹತ್ತು ಹನ್ನೆರಡು ಜನ ಅವರ ಮನೆಗೆ ಹೋಗಿದ್ದೆವು. ತಾರಸಿಯ ಮೇಲೆ ಬಾಳೆಲೆಯಲ್ಲಿ ಪಿಂಡ ಇಟ್ಟು ಎಲ್ಲರೂ ಹಿಂದೆ ಸರಿದು ನಿಂತರು. ಕಾಗೆ ಬರಲಿಲ್ಲ. ಹತ್ತು ನಿಮಿಷ, ಹದಿನೈದು ನಿಮಿಷ. ಮೇಷ್ಟ್ರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಆಕಾಶ ನೋಡುತ್ತಿದ್ದರು. ಕೊನೆಗೆ ತೆಂಗಿನ ಮರದಿಂದ ಒಂದು ಇಳಿದು ಬಂತು. ಕತ್ತು ಪೂರ್ತಿ ಕಪ್ಪು. ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ಆದರೆ ಹತ್ತು ಜನರೂ ಮೊದಲು ಅದರ ಕತ್ತನ್ನೇ ನೋಡಿದ್ದೆವು.

ಇಲ್ಲಿ ಇಂಥದ್ದು ಸಿಗುವುದಿಲ್ಲ. ಸ್ನೇಹಿತರೆಲ್ಲ ಒಂದು ದಿನ ಸೇರುತ್ತಾರೆ, ತೀರಿಕೊಂಡವರ ಕಥೆ ಹೇಳಿ ನಗುತ್ತಾರೆ, ಅಳುತ್ತಾರೆ, ಮುಗಿಯಿತು. ವರ್ಷ ವರ್ಷ ತಿಥಿ ಇಲ್ಲ. ಪಾರ್ಕಿನ ಬೆಂಚುಗಳ ಮೇಲೆ ಹೆಸರಿನ ಸಣ್ಣ ಫಲಕ ಹಾಕಿಸುವವರು ತುಂಬ ಜನ ಇದ್ದಾರೆ, ಅಷ್ಟೇ. ಮೊದಮೊದಲು ನನಗೆ ಇದು ತಣ್ಣಗೆ ಕಾಣುತ್ತಿತ್ತು.

ಈಗ ಹಾಗೆ ಅನಿಸುವುದಿಲ್ಲ. ಕಾರಣ, ಇವರು ಬರೆದದ್ದನ್ನು ಬಿಸಾಡುವುದಿಲ್ಲ. ಸ್ಟಾರ್ ಪ್ರತಿದಿನ ಕಂಡ ಹಕ್ಕಿಗಳ ಲೆಕ್ಕ ಬರೆದಿಡುತ್ತಿದ್ದರು. ಪಾರ್ಕಿನ ದೋಣಿಮನೆಯಲ್ಲಿ ಯಾರು ಬೇಕಾದರೂ ಆ ದಿನ ಕಂಡ ಹಕ್ಕಿ ಬರೆಯಬಹುದಾದ ಒಂದು ಪುಸ್ತಕವೇ ಇತ್ತು. ಇನ್ನೂ ಹಿಂದಕ್ಕೆ ಹೋದರೆ 1900ರ ಕ್ರಿಸ್‌ಮಸ್. ಹಬ್ಬದ ದಿನ ಹಕ್ಕಿ ಹೊಡೆಯುವ ಪಂದ್ಯ ಬೇಡ, ಎಣಿಸೋಣ ಅಂತ ಇಲ್ಲಿನ ಪಕ್ಷಿತಜ್ಞ ಫ್ರಾಂಕ್ ಚಾಪ್‌ಮನ್ ಕರೆ ಕೊಟ್ಟರು. ಆ ಮೊದಲ ವರ್ಷವೇ ಸೆಂಟ್ರಲ್ ಪಾರ್ಕಿನಲ್ಲೂ ಎಣಿಸಿದರು. ಆ ಪಟ್ಟಿ ಇವತ್ತಿಗೂ ಓದಲು ಸಿಗುತ್ತದೆ.

ನಮ್ಮಲ್ಲಿ ಬರೆದವರೇ ಇಲ್ಲ ಅಂತಲ್ಲ. ಪಕ್ಷಿವೀಕ್ಷಕರಿಗಾಗಿಯೇ ಪತ್ರಿಕೆ ಶುರುಮಾಡಿ ದಶಕಗಳ ಕಾಲ ನಡೆಸಿದ ಜಾಫರ್ ಫತೇಹಲ್ಲಿ ಬೆಂಗಳೂರಿನಲ್ಲಿ ಬಹಳ ವರ್ಷ ಬಾಳಿ, ಸ್ಟಾರ್ ಹೋದ ಅದೇ 2013ರಲ್ಲಿ ಹೋದರು. ಜೋಸೆಫ್ ಜಾರ್ಜ್ 1994ರಲ್ಲಿ ಬೆಂಗಳೂರಿನ ಹಕ್ಕಿಗಳ ಪಟ್ಟಿಯನ್ನು ಟಿಪ್ಪಣಿ ಸಮೇತ ತಂದರು. ಅಂಥ ಪಟ್ಟಿಗಳು ಸುಮ್ನೆ ಹುಟ್ಟುವುದಿಲ್ಲ. ಮೇಷ್ಟ್ರಂಥ ನೂರಾರು ಜನ ವಾರ ವಾರ ಪೆನ್ಸಿಲಿನಲ್ಲಿ ಗೀಚಿದ್ದು ಅದರ ಬೇರು.

ಮೇಷ್ಟ್ರು ಮೂವತ್ತು ವರ್ಷಕ್ಕೂ ಜಾಸ್ತಿ ಬರೆದಿದ್ದರು. ವರ್ಷಾಬ್ದಿಕದ ಹೊತ್ತಿಗೆ ಫೋನ್ ಮಾಡಿ ನೋಟ್‌ಬುಕ್‌ಗಳ ಬಗ್ಗೆ ಕೇಳಿದೆ. "ಮನೆ ಖಾಲಿ ಮಾಡುವಾಗ ರದ್ದಿಗೆ ಹಾಕಿಬಿಟ್ವಿ ಅಣ್ಣಾ. ಬರೀ ಹಕ್ಕಿ ಹೆಸರು, ನಂಬರ್ರು ಅಲ್ವಾ" ಅಂದ ಅವರ ಮಗ. ಅವನ ತಪ್ಪಲ್ಲ. ಅಪ್ಪನ ಫೋಟೋಗೆ ದಿನಾ ಹೂ ಹಾಕುವ ಹುಡುಗ ಅವನು. ಆ ನಂಬರ್ರುಗಳು ಏನು ಅಂತ ಅವನಿಗೆ ಹೇಳಬೇಕಾಗಿದ್ದವರು ನಾವು. ಅವತ್ತು ತಾರಸಿಯ ಮೇಲೆ ಕಾಗೆಯ ಕತ್ತು ನೋಡುತ್ತಾ ನಿಂತಿದ್ದ ಹತ್ತು ಜನ, ಊಟ ಮಾಡಿ, ಕೈ ಮುಗಿದು ಬಂದುಬಿಟ್ಟೆವು. ಒಬ್ಬರೂ ಆ ನೋಟ್‌ಬುಕ್ ಕೇಳಲಿಲ್ಲ.

ಧರ್ಮಾಂಬುಧಿ ಕೆರೆ ಈಗ ಮೆಜೆಸ್ಟಿಕ್ ಬಸ್ ಸ್ಟ್ಯಾಂಡು. ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ. ಅಲ್ಲಿ ಚಳಿಗಾಲದಲ್ಲಿ ಎಷ್ಟು ಬಾತುಗಳು ಇಳಿಯುತ್ತಿದ್ದವು ಅನ್ನೋದನ್ನು ಯಾರೋ ಒಬ್ಬರು ಪೆನ್ಸಿಲಿನಲ್ಲಿ ಬರೆದಿದ್ದರೂ ಬರೆದಿರಬಹುದು. ಯಾವ ಅಟ್ಟದ ಮೇಲಿದೆಯೋ. ನಿಮ್ಮ ಗುಂಪಿನ ಹಿರಿಯರು ಯಾರಾದರೂ ಹೋದರೆ ದಯವಿಟ್ಟು ಹದಿಮೂರನೇ ದಿನದೊಳಗೆ ಆ ಮನೆಯವರ ಹತ್ತಿರ ಕೂತು ಡೈರಿ ಕೇಳಿ. ಸಂಕೋಚ ಬೇಡ. ಪುಟ ಪುಟದ ಫೋಟೋ ತೆಗೆದುಕೊಂಡು ವಾಪಸ್ ಕೊಟ್ಟರೂ ಸಾಕು. ಕಂಡ ಹಕ್ಕಿಗಳ ಪಟ್ಟಿ ಹಾಕುವ ಇ-ಬರ್ಡ್ ಅನ್ನೋ ಜಾಲತಾಣದಲ್ಲಿ ಹಳೇ ದಿನಗಳ ಪಟ್ಟಿಯನ್ನೂ ಸೇರಿಸಬಹುದು.

ನಾನು ಸೇರಿಸಲು ಶುರುಮಾಡಿದ್ದೇನೆ. ಅಮೆರಿಕಕ್ಕೆ ಹೊರಟಾಗ ಮೇಷ್ಟ್ರು ಒಂದು ನೋಟ್‌ಬುಕ್ ಕೈಗಿಟ್ಟು, "ಓದಿ ವಾಪಸ್ ತಂದುಕೊಡು" ಅಂದಿದ್ದರು. ಕೊಟ್ಟಿರಲಿಲ್ಲ. ಹಾಗಾಗಿ ಅದೊಂದು ಉಳಿಯಿತು. ಮೊನ್ನೆ ಅದರ ಎರಡನೇ ಪುಟ ಟೈಪ್ ಮಾಡಿದೆ:

"9-1-94, ಭಾನುವಾರ. ಲಾಲ್‌ಬಾಗ್ ಕೆರೆ. ಮಂಜು. ನೀರುಕಾಗೆ 14. ಮಿಂಚುಳ್ಳಿ 2. ಬೂದು ಕುಂಡೆಕುಸ್ಕ 1. ಹೊಸ ಹುಡುಗ ಒಬ್ಬ ಬಂದಿದ್ದ. ಕಾಗೆ ತೋರಿಸಿದೆ."