‘ಇತ್ತೆ ಕಿಮಾಸ್’ ಎಂದರೆ ‘ಹೋಗಿ ಬರುತ್ತೇನೆ’

ಈ ಸಲ ಅವರೆಕಾಯಿ ಕಾಲದಲ್ಲಿ ರಜೆ ಸಿಕ್ಕಿತು. ಹನುಮಂತನಗರದ ಮನೆಯಲ್ಲಿ ಅಮ್ಮ ಮೊರದ ತುಂಬ ಕಾಯಿ ಹರಡಿಕೊಂಡು ಕಾಳು ಬಿಡಿಸುತ್ತಿದ್ದಳು. ಅಕ್ಕನ ಮಗ, ಹನ್ನೆರಡು ವರ್ಷದವನು, ಟಿವಿಯಲ್ಲಿ ‘ಡೀಮನ್ ಸ್ಲೇಯರ್’ ಎಂಬ ಅನಿಮೆ, ಅಂದರೆ ಜಪಾನಿನ ಅನಿಮೇಷನ್ ಕಥೆ, ಹಾಕಿಕೊಂಡಿದ್ದ. ಮಾತು ಜಪಾನಿಯಲ್ಲಿ, ಕೆಳಗೆ ಇಂಗ್ಲಿಷ್ ಸಬ್‌ಟೈಟಲ್. ಅಮ್ಮನಿಗೆ ಎರಡೂ ಬರುವುದಿಲ್ಲ. ಆದರೆ ಹಿಮದ ನಡುವೆ ಒಬ್ಬ ಹುಡುಗ ಯಾರನ್ನೋ ಬೆನ್ನ ಮೇಲೆ ಹೊತ್ತು ನಡೆಯುತ್ತಿದ್ದುದನ್ನು ಕಂಡು ಅವಳ ಕೈ ನಿಂತಿತು.

‘ಯಾರನ್ನೋ ಅವನು ಹೊತ್ತುಕೊಂಡಿರುವುದು, ಪುಟ್ಟಾ?’

‘ಅವನ ತಂಗಿಯನ್ನು, ಅಜ್ಜಿ. ಇವನು ಇದ್ದಿಲು ಮಾರಲು ಹೋಗಿದ್ದ. ಬರುವಷ್ಟರಲ್ಲಿ ರಾಕ್ಷಸ ಬಂದು ಮನೆಯವರನ್ನೆಲ್ಲ ಕೊಂದುಬಿಟ್ಟಿದ್ದಾನೆ. ಇವಳೊಬ್ಬಳಲ್ಲಿ ಜೀವವಿದೆ.’

ಅಲ್ಲಿಂದ ಮುಂದೆ ಹುಡುಗ ಟಿವಿ ನೋಡುತ್ತಲೇ ಒಂದೊಂದು ಮಾತನ್ನೂ ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಾ ಹೋದ. ಓದುವುದು ಇಂಗ್ಲಿಷ್, ಹೇಳುವುದು ಕನ್ನಡ. ನಾನು ಟೋಕಿಯೋದ ನಿಶಿ ಕಸಾಯಿಯಲ್ಲಿ ಹದಿಮೂರು ವರ್ಷದಿಂದ ಇದ್ದೇನೆ, ಜಪಾನಿ ಕಿವಿಗೆ ಚೆನ್ನಾಗಿಯೇ ಹತ್ತಿದೆ. ಕುಳಿತು ಕೇಳುತ್ತಿದ್ದಂತೆ ನನಗೆ ಮೈ ನವಿರೆದ್ದಿತು. ಪಾತ್ರಗಳು ಆಡುತ್ತಿದ್ದ ಜಪಾನಿ ಮಾತಿಗೆ ತೆರೆಯ ಮೇಲಿನ ಇಂಗ್ಲಿಷಿಗಿಂತ ಈ ಹುಡುಗನ ಕನ್ನಡವೇ ಹತ್ತಿರವಾಗಿತ್ತು. ಅವನಿಗೆ ಜಪಾನಿಯ ಒಂದಕ್ಷರವೂ ಗೊತ್ತಿಲ್ಲ.

ಇದು ಅಭಿಮಾನದಿಂದ ಹೇಳುವ ಮಾತಲ್ಲ, ಎರಡೂ ಭಾಷೆಗಳ ಕಟ್ಟಡದಲ್ಲೇ ಇರುವ ಸಂಗತಿ. ಮನೆಯಿಂದ ಹೊರಡುವಾಗ ಜಪಾನಿನವರು ‘ಇತ್ತೆ ಕಿಮಾಸ್’ ಎನ್ನುತ್ತಾರೆ. ಅನಿಮೆ ನೋಡುವವರೆಲ್ಲ ನೂರು ಸಲ ಕೇಳಿರುವ ಮಾತು ಅದು. ಇಂಗ್ಲಿಷಿನಲ್ಲಿ ಅದು ಬರೀ ‘ಬೈ’ ಆಗುತ್ತದೆ. ಪದ ಬಿಡಿಸಿ ನೋಡಿದರೆ ‘ಇತ್ತೆ’ ಎಂದರೆ ಹೋಗಿ, ‘ಕಿಮಾಸ್’ ಎಂದರೆ ಬರುತ್ತೇನೆ. ಹೋಗುತ್ತೇನೆ ಎಂದಷ್ಟೇ ಹೇಳಿದರೆ ‘ಹಾಗನ್ನಬೇಡ, ಹೋಗಿ ಬರುತ್ತೇನೆ ಅನ್ನು’ ಎಂದು ತಿದ್ದುವ ಅಮ್ಮಂದಿರ ಮಕ್ಕಳು ನಾವು. ಈ ಮಾತನ್ನು ನಾವು ಅನುವಾದಿಸುವುದೇ ಬೇಡ, ನಮ್ಮ ಹೊಸ್ತಿಲಲ್ಲೇ ಇದೆ. ‘ತಬೆತೆ ಮಿರು’ ಎಂದರೆ ತಿಂದು ನೋಡು, ಇಲ್ಲಿಯೂ ‘ನೋಡು’ ಎಂಬ ಪದವೇ. ‘ಶಿತೆ ಒಕು’ ಎಂದರೆ ಮಾಡಿಡು, ಅಲ್ಲಿಯೂ ಇಡು ಎಂಬ ಪದವೇ. ‘ಶಿತೆ ಶಿಮತ್ತ’ ಎಂದರೆ ಮಾಡಿಬಿಟ್ಟೆ. ಆಗಬಾರದ್ದು ಆಗಿಹೋಯಿತು ಎಂಬ ಸಂಕಟ ಆ ‘ಬಿಟ್ಟೆ’ಯಲ್ಲಿ ಇದೆಯಲ್ಲ, ಅದೇ ಸಂಕಟ ಜಪಾನಿಯಲ್ಲೂ ಕ್ರಿಯಾಪದದ ಬಾಲದಲ್ಲಿ ಇದೆ. ‘ಕೊಂದುಬಿಟ್ಟಿದ್ದಾನೆ’ ಎಂದು ಹುಡುಗ ಹೇಳಿದಾಗ ನಾನು ಬೆರಗಾದದ್ದು ಇದಕ್ಕೆ.

ಅಣ್ಣನನ್ನು ಅಣ್ಣ ಎಂದೇ ಕರೆಯುವುದು, ಗುರುತಿಲ್ಲದ ಮುದುಕಿಯನ್ನೂ ಅಜ್ಜಿ ಎನ್ನುವುದು ಅಲ್ಲಿಯೂ ಉಂಟು. ತಂಗಿ ‘ಒನೀಚಾನ್’ ಎಂದು ಕೂಗಿದರೆ ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಎಷ್ಟೋ ಸಲ ಅಣ್ಣನ ಹೆಸರು ಬರುತ್ತದೆ. ತಂಗಿಯ ಬಾಯಲ್ಲಿ ಅಣ್ಣನ ಹೆಸರು! ಕನ್ನಡದಲ್ಲಿ ಕೇಳಿಸಿಕೊಂಡಿದ್ದರೆ ಅಮ್ಮನಿಗೆ ಆ ಒಂದು ಕೂಗಿನಲ್ಲೇ ಅರ್ಧ ಕಥೆ ತಿಳಿಯುತ್ತಿತ್ತು. ಇನ್ನು ಅನುಕರಣ ಪದಗಳು. ಎದೆ ‘ದೊಕಿ ದೊಕಿ’ ಎನ್ನುತ್ತದೆ, ನಮಗೆ ಡವಡವ. ಗುಡುಗು ‘ಗೊರೊ ಗೊರೊ’, ನಮಗೆ ಗುಡುಗುಡು. ‘ಪಿಕಾ ಪಿಕಾ’ ಎಂದರೆ ಪಳಪಳ. ಹೀಗೆ ಜೋಡಿಸುತ್ತ ಹೋದರೆ ಒಂದು ಇಡೀ ರಾತ್ರಿ ಸಾಲದು.

ಎಲ್ಲಕ್ಕಿಂತ ದೊಡ್ಡದು ವಾಕ್ಯದ ನಡೆ. ಎರಡೂ ಭಾಷೆಗಳಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಸಾಯುತ್ತಿರುವವನು ‘ನಾನು ನಿನ್ನನ್ನು ಎಂದೂ...’ ಎಂದು ಉಸಿರು ನಿಲ್ಲಿಸಿದರೆ ಮುಂದೆ ಮರೆಯಲಿಲ್ಲವೋ, ನಂಬಲಿಲ್ಲವೋ, ಕ್ಷಮಿಸಲಿಲ್ಲವೋ ಗೊತ್ತಾಗುವುದಿಲ್ಲ. ಇಂಗ್ಲಿಷಿನಲ್ಲಿ ಗುಟ್ಟು ಮೊದಲೇ ಹೊರಬೀಳುತ್ತದೆ. ಕನ್ನಡದ ದನಿ ಜಪಾನಿ ದನಿ ನಿಂತ ಕಡೆಯೇ ನಿಲ್ಲಬಲ್ಲದು, ಏರಿದ ಕಡೆಯೇ ಏರಬಲ್ಲದು. ಇಷ್ಟು ಒಗ್ಗುವ ಭಾಷೆಗೆ ಇಂಥ ದೊಡ್ಡ ಅನಿಮೆ ಚಿತ್ರಗಳು ಬರಲಿಲ್ಲವೆಂದರೆ ನನಗೆ ಹೊಟ್ಟೆ ಉರಿಯುತ್ತದೆ.

ಹೌದು, ಬರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಇದೇ ಕಥೆಯ ಹೊಸ ಚಲನಚಿತ್ರ ಭಾರತದಲ್ಲಿ ತೆರೆಕಂಡಾಗ ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಧ್ವನಿಗಳಲ್ಲಿ ಬಂತು. ಕನ್ನಡದಲ್ಲಿ ಇಲ್ಲ. ಅದಕ್ಕೂ ಹೆಚ್ಚು ನೋವಾದದ್ದು ಆ ವರ್ಷದ ಜನವರಿಯಲ್ಲಿ. ಭಾರತ ಮತ್ತು ಜಪಾನಿನ ಕಲಾವಿದರು ಸೇರಿ ತೊಂಬತ್ತರ ದಶಕದ ಆರಂಭದಲ್ಲಿ ಮಾಡಿ ಮುಗಿಸಿದ್ದ ರಾಮಾಯಣದ ಅನಿಮೆ ಚಿತ್ರವೊಂದಿದೆ. ಅದನ್ನು ಹೊಸದಾಗಿ ತೊಳೆದು ನಮ್ಮ ದೇಶದ ಚಿತ್ರಮಂದಿರಗಳಿಗೆ ತಂದರು, ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ. ರಾಮಾಯಣವನ್ನು ಷಟ್ಪದಿಯಲ್ಲಿ ಹಾಡಿ, ತಾಳಮದ್ದಳೆಯಲ್ಲಿ ವಾದಿಸಿ, ಹರಿಕಥೆಯಲ್ಲಿ ನಗಿಸಿ ಅಳಿಸಿದ ಭಾಷೆ ಕನ್ನಡ. ಕನ್ನಡದಲ್ಲಿ ಇದ್ದಿದ್ದರೆ ನಾನು ಅಮ್ಮನ ಕೈ ಹಿಡಿದು ಕರೆದುಕೊಂಡು ಹೋಗಿ ಮೊದಲ ಸಾಲಿನಲ್ಲಾದರೂ ಕೂರಿಸುತ್ತಿದ್ದೆ.

ಇದಕ್ಕೆ ಹೊರಗಿನವರನ್ನು ಮಾತ್ರ ದೂರುವುದು ನ್ಯಾಯವಲ್ಲ. ಕನ್ನಡದಲ್ಲಿ ಡಬ್ಬಿಂಗ್‌ಗೆ ದಶಕಗಟ್ಟಲೆ ಅಘೋಷಿತ ತಡೆಯಿತ್ತು. ಯಾವ ಕಾಯಿದೆಯಲ್ಲೂ ಬರೆದಿರಲಿಲ್ಲ, ಚಿತ್ರರಂಗದ ಒಗ್ಗಟ್ಟೇ ಕಾಯಿದೆಯಾಗಿತ್ತು. ಕಾಲೇಜಿನ ದಿನಗಳಲ್ಲಿ ನಾನೂ ಅದರ ಪರವಾಗಿಯೇ ಗಂಟಲು ಹರಿದುಕೊಂಡವನು. ಆಗಿನ ಭಯ ಸುಳ್ಳಲ್ಲ. ಮಾರುಕಟ್ಟೆ ಚಿಕ್ಕದು, ಅಕ್ಕಪಕ್ಕದ ಭಾಷೆಗಳ ದೊಡ್ಡ ಚಿತ್ರಗಳು ಕನ್ನಡ ಮಾತನಾಡತೊಡಗಿದರೆ ನಮ್ಮ ಲೈಟ್‌ಬಾಯ್‌ಗಳು, ಸಂಕಲನಕಾರರು, ಸಹಕಲಾವಿದರು ಬೀದಿಗೆ ಬೀಳುತ್ತಾರೆ ಎಂಬ ಆತಂಕ. ದುಡಿಯುವವರ ಅನ್ನದ ಪ್ರಶ್ನೆಯನ್ನು ನಾನು ಇಂದಿಗೂ ಹಗುರವಾಗಿ ಕಾಣುವುದಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆ ತಪ್ಪೆಂದು ತೀರ್ಮಾನಿಸಿ ದಂಡ ವಿಧಿಸಿತು. ಆಮೇಲೆ ನಿಧಾನವಾಗಿ ಬಾಗಿಲು ತೆರೆಯಿತು. 2022ರಲ್ಲಿ ‘ಅವತಾರ್’ನ ಎರಡನೆಯ ಭಾಗ ಕನ್ನಡದಲ್ಲೂ ಬಂತು. ಆದರೆ ಅಷ್ಟು ವರ್ಷಗಳಲ್ಲಿ ಎರಡು ತಲೆಮಾರು ಬೇರೆ ಭಾಷೆಯಲ್ಲಿ ನೋಡುವುದನ್ನು ರೂಢಿ ಮಾಡಿಕೊಂಡಿತು. ‘ಬೆಂಗಳೂರಿನವರು ಯಾವ ಭಾಷೆಯಲ್ಲಿ ಕೊಟ್ಟರೂ ನೋಡುತ್ತಾರೆ’ ಎಂದು ಹಂಚಿಕೆದಾರರು ಲೆಕ್ಕ ಹಾಕಿದರೆ, ಆ ಲೆಕ್ಕ ಕಲಿಸಿಕೊಟ್ಟವರು ನಾವೇ.

ಜಪಾನಿನಲ್ಲಿ ಇದು ಹೇಗೆ ನಡೆಯುತ್ತದೆ? ವಿದೇಶಿ ಚಿತ್ರ ಬಂದರೆ ವೇಳಾಪಟ್ಟಿಯಲ್ಲಿ ಎರಡು ಬಗೆ ಕಾಣುತ್ತದೆ, ‘ಜಿಮಾಕು’ ಎಂದರೆ ಸಬ್‌ಟೈಟಲ್, ‘ಫುಕಿಕಾಏ’ ಎಂದರೆ ಡಬ್ಬಿಂಗ್. ನೋಡುವವರು ಆರಿಸಿಕೊಳ್ಳುತ್ತಾರೆ. ‘ಆರ್‌ಆರ್‌ಆರ್’ 2022ರ ಅಕ್ಟೋಬರ್‌ನಲ್ಲಿ ಅಲ್ಲಿ ಬಿಡುಗಡೆಯಾಗಿ ಸಬ್‌ಟೈಟಲ್‌ನಲ್ಲೇ ತಿಂಗಳುಗಟ್ಟಲೆ ಓಡಿತು. ಅಷ್ಟಾದ ಮೇಲೂ ಮರುವರ್ಷ ಜಪಾನಿ ಧ್ವನಿ ಕೂರಿಸಿ ಮತ್ತೊಮ್ಮೆ ತಂದರು. ನಮ್ಮ ‘ಕೆಜಿಎಫ್’ನ ಎರಡೂ ಭಾಗಗಳು 2023ರ ಜುಲೈನಲ್ಲಿ ಅಲ್ಲಿ ತೆರೆಕಂಡವು. ಚಿತ್ರ ಮುಗಿದ ಮೇಲೆ ಪಕ್ಕದ ಆಸನದ ಹಿರಿಯ ಮಹಿಳೆಯೊಬ್ಬರು ನಾನು ಆ ಊರಿನ ಕಡೆಯವನೆಂದು ತಿಳಿದು, ಕೋಲಾರ ಬೆಂಗಳೂರಿಗೆ ಎಷ್ಟು ದೂರ ಎಂದು ಕೇಳಿದರು. ಎಲ್ಲಿಯ ಕಥೆಯೂ ತಮ್ಮ ಭಾಷೆಯಲ್ಲೇ ತಮಗೆ ಸಿಗಬೇಕು ಎಂಬುದು ಅವರಿಗೆ ಉಸಿರಾಟದಷ್ಟು ಸಹಜ. ಹಾಗೆಂದು ಅವರ ಚಿತ್ರರಂಗ ಮುಳುಗಲಿಲ್ಲ. ಅಲ್ಲಿನ ಗಳಿಕೆಯಲ್ಲಿ ಇಂದಿಗೂ ಸ್ವಂತ ಚಿತ್ರಗಳ ಪಾಲೇ ದೊಡ್ಡದು. ಧ್ವನಿ ಕೊಡುವವರು ಅಲ್ಲಿ ತಾರೆಗಳು, ಅದನ್ನು ಕಲಿಸುವ ಶಾಲೆಗಳೇ ಇವೆ. ನಮ್ಮ ರಂಗಭೂಮಿಯಲ್ಲಿ ಎಂಥೆಂಥ ಕಂಠಗಳಿವೆ! ಡಬ್ಬಿಂಗ್ ಅನ್ನ ಕಸಿಯುತ್ತದೆ ಎಂದು ಹೆದರಿದ ನಾವು ಅದು ಅನ್ನ ಕೊಡಲೂಬಹುದೆಂದು ಯೋಚಿಸಲಿಲ್ಲ.

ಎಲ್ಲದರಲ್ಲೂ ಜಪಾನೇ ಮೇಲು ಎಂದು ನಾನು ಹೇಳುವುದಿಲ್ಲ. ಅಲ್ಲಿನ ಚಿತ್ರಮಂದಿರದಲ್ಲಿ ಕೊನೆಯ ಹೆಸರು ಮೇಲೇರಿ ದೀಪ ಹತ್ತುವವರೆಗೂ ಬಹುಮಂದಿ ಕದಲುವುದಿಲ್ಲ, ಆ ಮರ್ಯಾದೆ ನನಗೆ ತುಂಬ ಇಷ್ಟ. ಆದರೆ ನಾಯಕ ಬಂದಾಗಲೂ ಶಿಳ್ಳೆಯಿಲ್ಲದೆ ಉಸಿರು ಬಿಗಿಹಿಡಿದು ಕುಳಿತಿರಬೇಕು. ನಾನು ಗಾಂಧಿನಗರದಲ್ಲಿ ಸಿನಿಮಾ ನೋಡಿ ಬೆಳೆದವನು. ಕಪಾಲಿ ಚಿತ್ರಮಂದಿರ ಈಗ ಇಲ್ಲ, ಆ ರಸ್ತೆಯಲ್ಲಿ ಹೋದರೆ ಹಲ್ಲು ಬಿದ್ದ ಬಾಯಿ ನೋಡಿದಂತಾಗುತ್ತದೆ. ಕಟೌಟಿಗೆ ಹಾರ ಏರಿಸಿ, ತಮಟೆ ಬಡಿದು, ಗೊತ್ತಿಲ್ಲದವನ ಹೆಗಲ ಮೇಲೆ ಕೈ ಹಾಕಿ ಕುಣಿಯುವ ಮೊದಲ ದಿನದ ಆಟದ ಸುಖ ಟೋಕಿಯೋದ ಯಾವ ಮೆತ್ತನೆಯ ಆಸನದಲ್ಲೂ ನನಗೆ ಸಿಕ್ಕಿಲ್ಲ.

ಸಂಗೀತದಲ್ಲೂ ಹಾಗೆಯೇ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ರಾಮನವಮಿಯ ಕಛೇರಿ ಕೇಳಿದವರಿಗೆ ಗೊತ್ತು. 1939ರಲ್ಲಿ ಶುರುವಾದ ಪರಂಪರೆ ಅದು. ಚಪ್ಪರದ ಕೆಳಗೆ ಸಾವಿರ ಕೈ ತೊಡೆಯ ಮೇಲೆ ತಾಳ ಹಾಕುತ್ತವೆ, ಒಂದು ಸಂಗತಿ, ಅಂದರೆ ಅದೇ ಸಾಲನ್ನು ಹೊಸ ಬಗೆಯಲ್ಲಿ ಹಾಡಿದ್ದು, ಚೆನ್ನಾಗಿ ಬಿದ್ದರೆ ‘ಆಹಾ’ ಎಂಬ ಉದ್ಗಾರ ವೇದಿಕೆಗೆ ಮುಟ್ಟುತ್ತದೆ, ಹಾಡುವವರು ಅದಕ್ಕೆ ಸೋತು ಮತ್ತೊಂದು ಸಂಗತಿ ಹಾಕುತ್ತಾರೆ. ಜಪಾನಿನ ಶಾಸ್ತ್ರೀಯ ಕಛೇರಿಯಲ್ಲಿ ಕೊನೆಯ ನಾದ ಪೂರ್ತಿ ಅಡಗಿದ ಮೇಲೆಯೇ ಚಪ್ಪಾಳೆ. ಗೌರವ ಎರಡರಲ್ಲೂ ಇದೆ, ನನಗೆ ಬೇಕಾದದ್ದು ನಮ್ಮದು.

ಸಾಫ್ಟ್‌ವೇರ್ ನನ್ನ ಹೊಟ್ಟೆಪಾಡು. ಅಲ್ಲಿನ ನನ್ನ ಕಚೇರಿಯಲ್ಲಿ ಕಂಪ್ಯೂಟರ್ ತೆರೆದರೆ ಮೊದಲಿನಿಂದ ಕೊನೆಯವರೆಗೆ ಜಪಾನಿ. ಅವರು ಎಲ್ಲಕ್ಕೂ ಹೊಸ ಪದ ಟಂಕಿಸಲು ಹೋಗಿಲ್ಲ ಎಂಬುದನ್ನು ನಾವು ಗಮನಿಸಬೇಕು. ಫೈಲ್, ಡೌನ್‌ಲೋಡ್ ಎಂಬುವನ್ನು ತಮ್ಮ ಲಿಪಿಯಲ್ಲಿ ಬರೆದುಕೊಂಡರು. ಉಳಿಸು ಎಂಬುದಕ್ಕೆ ತಮ್ಮಲ್ಲೇ ಇದ್ದ ‘ಹೊಝೊನ್’ ಎಂಬ ಪದ ಇಟ್ಟರು. ಕನ್ನಡದಲ್ಲಿ ಮೊಬೈಲ್ ಬಳಸುವ ಸೌಲಭ್ಯ ಬಂದು ಎಷ್ಟೋ ವರ್ಷಗಳಾದವು. ಆದರೂ ಒಂದೆರಡು ದಿನ ಬಳಸಿ ಇಂಗ್ಲಿಷಿಗೆ ಮರಳುವವರೇ ಹೆಚ್ಚು. ಸೆಟ್ಟಿಂಗ್ಸ್ ಎಂದರೆ ಎಲ್ಲರಿಗೂ ಗೊತ್ತಿರುವಾಗ ಯಾರ ನಾಲಗೆಗೂ ಒಗ್ಗದ ಸಮಾಸ ಪದ ಎದುರಾದರೆ ಇನ್ನೇನಾಗುತ್ತದೆ? ನಮ್ಮಲ್ಲಿ ದುಡಿದವರಿಲ್ಲವೆಂದಲ್ಲ. ಕೆ.ಪಿ. ರಾವ್ ಅವರು ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲೇ ಕನ್ನಡವನ್ನೆಲ್ಲ ಕೂರಿಸಿದ ವಿನ್ಯಾಸದ ಮೇಲೆ ‘ನುಡಿ’ ತಂತ್ರಾಂಶ ನಿಂತಿದೆ, 1998ರಲ್ಲಿ ಕನ್ನಡ ಬರೆಯುವ ಇನ್ನೊಂದು ತಂತ್ರಾಂಶ ‘ಬರಹ’ ಬಂತು. ಜಪಾನಿನವರು ಇಂಗ್ಲಿಷ್ ಅಕ್ಷರ ಒತ್ತಿ ಸಾವಿರಾರು ಚಿತ್ರಾಕ್ಷರಗಳಲ್ಲಿ ಬೇಕಾದ್ದನ್ನು ಆರಿಸಿಕೊಳ್ಳುತ್ತಾ ಬರೆಯುತ್ತಾರೆ. ನಮ್ಮದು ಅದಕ್ಕಿಂತ ಎಷ್ಟೋ ಸುಲಭ. ಆದರೂ ಬೆಂಗಳೂರಿನ ನನ್ನ ಗೆಳೆಯರು ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲೇ ಕಳುಹಿಸುತ್ತಾರೆ. ನಾನು ಪ್ರತಿಯೊಂದಕ್ಕೂ ಕನ್ನಡ ಲಿಪಿಯಲ್ಲೇ ಉತ್ತರಿಸುತ್ತೇನೆ. ಹದಿಮೂರು ವರ್ಷದಲ್ಲಿ ನಾಲ್ಕು ಜನ ಬದಲಾಗಿದ್ದಾರೆ, ನನಗೆ ಅದು ದೊಡ್ಡ ಸಂತೋಷ.

ಹೊರಡುವ ಹಿಂದಿನ ದಿನ ಅಕ್ಕನ ಮಗನ ಜೊತೆ ಕುಳಿತು ಮೊದಲ ಕಂತಿನ ಐದು ನಿಮಿಷಕ್ಕೆ ಕನ್ನಡ ಸಬ್‌ಟೈಟಲ್ ಬರೆದೆವು, ಅಜ್ಜಿ ಓದಲೆಂದು. ಜಪಾನಿ ಸಬ್‌ಟೈಟಲ್ ಬರೆಯುವವರಿಗೆ ಒಂದು ಅಳತೆಯಿದೆ, ಸೆಕೆಂಡಿಗೆ ನಾಲ್ಕು ಅಕ್ಷರ. ನಾವೂ ಅಮ್ಮನಿಗೆ ಜೋರಾಗಿ ಓದಿಸಿ ನಮ್ಮದೊಂದು ಅಳತೆ ಕಂಡುಕೊಂಡೆವು. ‘ನಾನು’, ‘ನೀನು’ಗಳನ್ನೆಲ್ಲ ತೆಗೆದೆವು, ‘ಬಂದೆ’ ಎಂಬಲ್ಲೇ ‘ನಾನು’ ಇದೆಯಲ್ಲ. ಹುಡುಗ ಮೊಬೈಲಿಗೆ ಕನ್ನಡ ಕೀಲಿಮಣೆ ಹಾಕಿಕೊಂಡ, ಒತ್ತಕ್ಷರ ಎರಡು ಸಲ ತಪ್ಪಿ ಮೂರನೆಯ ಸಲ ಸರಿ ಮಾಡಿದ.

ತೊಡಕಾದದ್ದು ಒಂದೇ ಪದ. ಜಪಾನಿಯಲ್ಲಿ ‘ಒನಿ’, ಹುಡುಗ ಮೊದಲಿನಿಂದಲೂ ‘ರಾಕ್ಷಸ’ ಎನ್ನುತ್ತಿದ್ದ. ಅಮ್ಮ ಕನ್ನಡಕ ಸರಿಮಾಡಿಕೊಂಡು ಓದಿ, ಒಪ್ಪಲಿಲ್ಲ.

‘ಇವು ಮೊದಲು ಮನುಷ್ಯರಾಗಿದ್ದು ಆಮೇಲೆ ಹೀಗಾದವು ಎಂದೆಯಲ್ಲವೇ? ಬಿಸಿಲಿಗೆ ಸಾಯುತ್ತವೆ ಎಂದೂ ಹೇಳಿದೆ. ರಾಕ್ಷಸರು ಹುಟ್ಟಿನಿಂದಲೇ ರಾಕ್ಷಸರು ಕಣೋ. ಹಗಲಲ್ಲೂ ಯುದ್ಧಕ್ಕೆ ಬರುತ್ತಾರೆ. ಇದು ರಾಕ್ಷಸ ಹೇಗಾಗುತ್ತದೆ?’

‘ಹಾಗಾದರೆ ದೆವ್ವ ಎನ್ನೋಣವೇ, ಅಜ್ಜಿ?’

‘ದೆವ್ವಕ್ಕೆ ಮೈಯಿಲ್ಲ. ಇದಕ್ಕೆ ಕತ್ತು ಇದೆ, ಅವನು ಕಡಿಯುತ್ತಿದ್ದಾನೆ.’

ಪಿಶಾಚಿ, ಬ್ರಹ್ಮರಾಕ್ಷಸ, ಅಸುರ ಎಲ್ಲವೂ ಬಂದು ಹೋದವು. ಅನ್ನ ಆರಿತು, ಅಕ್ಕ ಮೂರು ಸಲ ಊಟಕ್ಕೆ ಕರೆದಳು. ನಿನ್ನೆ ಟೋಕಿಯೋಗೆ ಹುಡುಗ ಕರೆ ಮಾಡಿದ್ದ. ಈಗ ಇಪ್ಪತ್ತು ನಿಮಿಷದವರೆಗೆ ಬರೆದಿದ್ದಾನಂತೆ. ಆ ಪದ ಬರುವ ಕಡೆಯಲ್ಲೆಲ್ಲ ಜಾಗ ಖಾಲಿ ಬಿಟ್ಟಿದ್ದಾನೆ, ಅಜ್ಜಿ ಇನ್ನೂ ಯೋಚಿಸುತ್ತಿದ್ದಾಳೆ.