ಹೋಳಿಗೆ ಮತ್ತು ಗಡ್ಡೆಯ ಉಪವಾಸ

ಮುಂಬಯಿಯಲ್ಲಿ ಕ್ಯಾನ್ಸರ್ ತಜ್ಞರು ಸಾಲದು ಎನ್ನುವವರು ಡೊಂಬಿವಲಿ ಫಾಸ್ಟ್ ಲೋಕಲ್ ರೈಲು ಹತ್ತಿದವರಲ್ಲ. ಠಾಣೆ ದಾಟುವುದರೊಳಗೆ ಮೂವರು ಸಿಗುತ್ತಾರೆ: ಒಬ್ಬರು ಬ್ಯಾಂಕಿನಿಂದ ನಿವೃತ್ತರು, ಒಬ್ಬರು ಕೇಟರಿಂಗಿನವರು, ಇನ್ನೊಬ್ಬರು ಊರಿನವರ ವಾಟ್ಸಾಪ್ ಗ್ರೂಪಿನ ಅಡ್ಮಿನ್. ಮೂವರದೂ ಒಂದೇ ಚೀಟಿ: "ಸಕ್ಕರೆ ಬಿಡಿ ಮಾರಾಯ್ರೇ, ಗಡ್ಡೆ ಉಪವಾಸ ಬಿದ್ದು ಸಾಯ್ತದೆ." ಪರೇಲಿನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ 1941ರಿಂದ ತಲೆ ಕೆಡಿಸಿಕೊಂಡವರಿಗೆ ಇಷ್ಟು ಹೊಳೆಯಲಿಲ್ಲವಲ್ಲ, ಪಾಪ.

ಮೊನ್ನೆ ಉಪನಗರದ ಒಂದು ಸಂಘದಲ್ಲಿ ಇದರ ಮೇಲೇ ಉಪನ್ಯಾಸ. ಭಾಷಣಕಾರರಿಗೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಹಣ್ಣಿನಲ್ಲೂ ಸಕ್ಕರೆಯಿದೆ ಎಂಬುದು ಸನ್ಮಾನ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ. ಅವರು ಜರ್ಮನ್ ವಿಜ್ಞಾನಿ ಓಟ್ಟೊ ವಾರ್‌ಬರ್ಗ್ ಎಂದರು, 1931ರ ನೊಬೆಲ್ ಎಂದರು, ಚಪ್ಪಾಳೆ. (ಆ ನೊಬೆಲ್ ಬಂದದ್ದು ಉಸಿರಾಟದ ಕಿಣ್ವಕ್ಕೆ. ಇರಲಿ.) ನಿಜ ಅಲ್ಲಿಗೆ ಮುಗಿಯಿತು, ಭಾಷಣ ಇನ್ನೂ ಇತ್ತು.

ವಾರ್‌ಬರ್ಗ್ 1920ರ ದಶಕದಲ್ಲಿ ಕಂಡದ್ದು ಇಷ್ಟು: ಆಮ್ಲಜನಕ ಧಾರಾಳವಾಗಿದ್ದರೂ ಗಡ್ಡೆಯ ಕೋಶ ಗ್ಲೂಕೋಸನ್ನು ಪೂರ್ತಿ ಉರಿಸದೆ ಲ್ಯಾಕ್ಟೇಟ್ ಮಾಡಿ ಹೊರಚೆಲ್ಲುತ್ತದೆ. ಪೂರ್ತಿ ಉರಿಸಿದರೆ ಒಂದು ಗ್ಲೂಕೋಸಿಗೆ ಸುಮಾರು 30 ಎಟಿಪಿ (ಕೋಶದ ಶಕ್ತಿಯ ನಾಣ್ಯ), ಈ ಅಡ್ಡದಾರಿಯಲ್ಲಿ ಬರೀ 2. ಕೋಶದ ಶಕ್ತಿ ಘಟಕವಾದ ಮೈಟೊಕಾಂಡ್ರಿಯಾ ಕೆಟ್ಟಿರಬೇಕು ಎಂದು ಅವರು ನಂಬಿದ್ದರು. ಹೆಚ್ಚಿನ ಗಡ್ಡೆಗಳಲ್ಲಿ ಅದು ಸರಿಯಾಗಿಯೇ ಓಡುತ್ತಿದೆ ಎಂದು ಆಮೇಲೆ ಗೊತ್ತಾಯಿತು. ಮತ್ತೆ ಈ ದುಂದೇಕೆ? ಡೊಂಬಿವಲಿಯ ಬಿಲ್ಡರನನ್ನು ಕೇಳಿ. ಮಹಡಿ ಏಳಿಸುವಾಗ ಅವನ ಕಣ್ಣು ಕರೆಂಟ್ ಬಿಲ್ಲಿನ ಮೇಲಲ್ಲ, ಮರಳು ಸಿಮೆಂಟಿನ ಮೇಲೆ. ಒಂದು ಕೋಶ ಎರಡಾಗಲು ಡಿಎನ್‌ಎ, ಕೊಬ್ಬು, ಪ್ರೋಟೀನು ಕಟ್ಟಬೇಕು. ಗ್ಲೂಕೋಸಿನ ಇಂಗಾಲ ಅದಕ್ಕೂ ಹೋಗುತ್ತದೆ. ಸಾಲದೆ ಬಂದರೆ ಪ್ರೋಟೀನಿನ ಇಟ್ಟಿಗೆಯಾದ ಗ್ಲುಟಮಿನ್ ಆದೀತು, ಕೊಬ್ಬಾದೀತು, ಪಕ್ಕದ ಕೋಶ ಚೆಲ್ಲಿದ ಲ್ಯಾಕ್ಟೇಟೂ ಆದೀತು. ಪಥ್ಯ ಗಿಥ್ಯ ಅದಕ್ಕಿಲ್ಲ.

ಇಂಥದ್ದನ್ನು ಚಹಾದ ಸಕ್ಕರೆ ಕಿತ್ತುಕೊಂಡು ಹೆದರಿಸುವುದಂತೆ. ಬೆಲ್ಲ, ಜೇನು ಪರವಾಗಿಲ್ಲವಂತೆ. ರಕ್ತಕ್ಕೆ ಅವೂ ಗ್ಲೂಕೋಸಾಗಿಯೇ ಬರುತ್ತವೆ ಎಂದು ಗಡ್ಡೆಗೆ ಹೇಳಿಬಿಡಬೇಡಿ. ಏನೂ ತಿನ್ನದೆ ಕೂತರೂ ಕರಗಿದ ಸ್ನಾಯುವಿನಿಂದ ಯಕೃತ್ತು ಗ್ಲೂಕೋಸ್ ತಯಾರಿಸುತ್ತದೆ. ಉಪವಾಸ ಬೀಳುವವನು ಕೀಮೊ ತಡೆದುಕೊಳ್ಳಬೇಕಾದ ರೋಗಿ. ಅವನು ಸೊರಗಿದರೆ "ಶರೀರ ಶುದ್ಧಿ ಆಗ್ತಾ ಉಂಟು."

ಸಾಕ್ಷಿಗೆ ಪೆಟ್ ಸ್ಕ್ಯಾನ್ ತೋರಿಸಿದರು: ಗ್ಲೂಕೋಸಿನಂಥ ವಿಕಿರಣಶೀಲ ವಸ್ತು ನುಂಗಿ ಗಡ್ಡೆ ಹೊಳೆಯುತ್ತಿತ್ತು. ಅದೇ ಚಿತ್ರದಲ್ಲಿ ಮೆದುಳೂ ಹೊಳೆಯುತ್ತಿತ್ತು. ಅದನ್ನೂ ಉಪವಾಸ ಕೆಡವಿ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ವೇದಿಕೆಯ ಮೇಲಿದ್ದವರು ಆಚರಿಸಿ ತೋರಿಸಿದರು.

ಕೋಶವನ್ನು ಹಸಿವಿನಿಂದ ಕೊಲ್ಲುವ ವಿದ್ಯೆ ಇಲ್ಲವೆಂದಲ್ಲ. ಮಕ್ಕಳ ಲ್ಯುಕೇಮಿಯಾದ (ರಕ್ತದ ಕ್ಯಾನ್ಸರಿನ) ಕೋಶಗಳಿಗೆ ಆಸ್ಪರಜೀನ್ ಎಂಬ ಇನ್ನೊಂದು ಪ್ರೋಟೀನಿನ ಇಟ್ಟಿಗೆಯನ್ನು ಬೇಕಾದಷ್ಟು ಮಾಡಿಕೊಳ್ಳಲು ಬಾರದು. ಆಸ್ಪರಜಿನೇಸ್ ಇಂಜೆಕ್ಷನ್ ರಕ್ತದಲ್ಲಿರುವುದನ್ನೂ ಒಡೆದು ಹಾಕುತ್ತದೆ. 1947-48ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಫಾರ್ಬರ್ ಮಕ್ಕಳಿಗೆ ಕೊಟ್ಟ, ಫೋಲಿಕ್ ಆಮ್ಲದ ದಾರಿ ತಡೆಯುವ ಅಮಿನಾಪ್ಟೆರಿನ್ ತಯಾರಾದದ್ದು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಲ್ಲಿ. ಹಸಿವಿನ ದಾರಿಯಲ್ಲದಿದ್ದರೂ, ಐಡಿಹೆಚ್1 ಕಿಣ್ವ ಕೆಟ್ಟ ಲ್ಯುಕೇಮಿಯಾಗೆ ಆ ಕಿಣ್ವವನ್ನೇ ತಡೆಯುವ ಐವೊಸಿಡೆನಿಬ್ ಮಾತ್ರೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಯಾವ ಕೋಶಕ್ಕೆ ಯಾವುದು ಸಿಗಬಾರದು ಎಂದು ಪತ್ತೆಹಚ್ಚಲು ದಶಕಗಳು ಹಿಡಿದವು. ಸುಬ್ಬರಾಯರಿಗೆ ಪೇಟ ತೊಡಿಸಿದ್ದು ನನಗಂತೂ ನೆನಪಿಲ್ಲ.

2024ರ ನವೆಂಬರಿನಲ್ಲಿ ಮಾಜಿ ಕ್ರಿಕೆಟಿಗರೊಬ್ಬರು ಬೇವು, ಅರಿಸಿನ, ನಿಂಬೆನೀರಿನ ಮಹಿಮೆ ಸಾರಿದಾಗ ಟಾಟಾ ಮೆಮೋರಿಯಲ್‌ನ 262 ಹಾಲಿ, ಮಾಜಿ ತಜ್ಞರು ಸಹಿ ಹಾಕಿ ಅಲ್ಲಗಳೆಯಬೇಕಾಯಿತು. ನಮ್ಮ ಗ್ರೂಪಿಗೆ ವಿಡಿಯೊ ಬಂತು, ಹೇಳಿಕೆ ಬರಲಿಲ್ಲ.

ಉಪನ್ಯಾಸದ ನಂತರ ಊಟ, ಹೋಳಿಗೆ. ಭಾಷಣಕಾರರಿಗೆ ಎರಡು. ಕೀಮೊ ನಡುವೆ ಬಂದಿದ್ದ ಹಿರಿಯರೊಬ್ಬರು ಎಲೆ ಮುಂದೆ ಮಾಡಿ, "ತೂಕ ಇಳಿಯಬಾರದು, ರುಚಿಸಿದ್ದು ತಿನ್ನಿ ಅಂದಿದ್ದಾರೆ ಡಾಕ್ಟರು" ಎಂದರು. ಸಮಿತಿ ಅಲ್ಲೇ ಸಭೆ ಸೇರಿ ಡಾಕ್ಟರರ ಅಭಿಪ್ರಾಯವನ್ನು ಬಹುಮತದಿಂದ ತಿರಸ್ಕರಿಸಿತು.